ನೆಗೆಣ್ಣಿಯ ನಾಲ್ಕು ಬಂಗಲೆಗಳು

ಸಮುದ್ರವನ್ನು ನಾನು ಮೊದಲು ನೋಡಿದ್ದು ಮದುವೆಯಾದ ಮೇಲೆ. ಹುಟ್ಟಿದ್ದು ಲಕ್ಷ್ಮೇಶ್ವರದಲ್ಲಿ, ಜೋಳ-ಕಡಲೆ ವ್ಯಾಪಾರದ ಮನೆಯಲ್ಲಿ. ನಮ್ಮೂರು ಆಗ ಸಂಸ್ಥಾನಕ್ಕೆ ಸೇರಿದ್ದು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಕೆಲವು ತಿಂಗಳು ನಮ್ಮಲ್ಲಿ ರಾಜರ ಆಳಿಕೆಯೇ ನಡೆದಿತ್ತು. ಗದಗಿನವರು ಬಾವುಟ ಏರಿಸಿ ಪೇಡೆ ಹಂಚಿದ್ದನ್ನು ನಾವು ಕೇಳಿ ತಿಳಿದವರು. ಸಂಸ್ಥಾನ ವಿಲೀನವಾದ ಮರುವರ್ಷ ನನ್ನನ್ನು ಅದೇ ಗದಗಿಗೆ, ಹತ್ತಿ ವ್ಯಾಪಾರದ ಮನೆಗೆ ಕೊಟ್ಟರು. ಆಗ ನನಗೆ ಹದಿನೇಳು ವರ್ಷ. ಏಳನೆಯ ಇಯತ್ತೆ ಪಾಸಾಗಿದ್ದೆ. ಹುಡುಗಿ ಓದ್ಯಾಳ, ಕಾಗದ-ಪತ್ರ ನೋಡಿಕೋತಾಳ ಅಂತ ನನ್ನ ಮಾವನವರು ನೋಡಲು ಬಂದಾಗಲೇ ಹೇಳಿದ್ದರಂತೆ. ಆ ಮಾತು ನಮ್ಮ ತವರಿನಲ್ಲಿ ಬಹಳ ದಿನ ಹೆಮ್ಮೆಯಿಂದ ಓಡಾಡಿತು.

ಗಂಡನ ಮನೆಯಲ್ಲಿ ಮಾವನವರು, ಅತ್ತೆಯವರು, ನಮ್ಮ ಮನೆಯವರು, ಇಷ್ಟೇ ಜನ. ಇನ್ನೊಬ್ಬರು ಇದ್ದಾರೆಂಬುದು ನನಗೆ ತಿಳಿದದ್ದು ಬಂದು ಒಂದು ವಾರದ ಮೇಲೆ, ಅದೂ ಭಾಂಡೆ ತಿಕ್ಕುವವಳಿಂದ. ನಮ್ಮ ಮನೆಯವರಿಗೆ ಒಬ್ಬ ಅಣ್ಣ ಇದ್ದರು. ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ವಿಷಮಜ್ವರ ಹತ್ತಿ ಹನ್ನೊಂದು ದಿನಕ್ಕೆ ತೀರಿಹೋದರು. ಅವರ ಹೆಂಡತಿ ಮುಂಡರಗಿಯವರು. ನನಗೆ ನೆಗೆಣ್ಣಿ, ನಾನು ಮುಂದೆ ಅಕ್ಕಾ ಅಂತ ಕರೆದದ್ದು. ಮಕ್ಕಳಿರಲಿಲ್ಲ. ಗಂಡ ಸತ್ತಾಗ ಆಕೆಗೆ ಇಪ್ಪತ್ತನಾಲ್ಕು.

ನಾನು ಆ ಮನೆಗೆ ಬರುವ ಮೊದಲು, ಮಾವನವರು ಬೆಳಿಗ್ಗೆ ಅಡತಿ ಅಂಗಡಿಗೆ ಹೊರಡುವ ಹೊತ್ತಿಗೆ ಆಕೆ ಎದುರಿಗೆ ಬರಬಾರದೆಂದು ಅತ್ತೆಯವರು ಆಕೆಯನ್ನು ಉಗ್ರಾಣದೊಳಗೆ ಕೂಡಿಸುತ್ತಿದ್ದರು. ಹೊರಗಿನಿಂದ ಚಿಲಕ ಹಾಕುತ್ತಿರಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದರು. ಒಂದು ದಿನ ನೀರು ಬೇಕಾಗಿ ಆಕೆ ಹೊರಗೆ ಬಂದದ್ದಕ್ಕೂ ಮಾವನವರು ಮುಂಡಾಸು ಸುತ್ತಿಕೊಂಡು ಪಡಸಾಲೆಗೆ ಬಂದದ್ದಕ್ಕೂ ಸರಿಹೋಯಿತು. ಆ ದಿನ ಪೇಟೆಯಲ್ಲಿ ಹತ್ತಿಯ ಧಾರಣೆ ಇಳಿಯಿತು. ಧಾರಣೆ ವಾರಕ್ಕೆರಡು ಸಲ ಇಳಿಯುತ್ತಲೇ ಇತ್ತು, ಆದರೆ ಆ ದಿನದ್ದಕ್ಕೆ ಕಾರಣ ಮನೆಯೊಳಗೇ ಸಿಕ್ಕಿತು.

ಅದೇ ಹೊತ್ತಿಗೆ ಸಮುದ್ರದ ದಂಡೆಯ ತೋಟ ಮಾವನವರ ಕೈಗೆ ಬಂದಿತ್ತು. ಶಿರಹಟ್ಟಿ ಕಡೆಯ ಇನಾಮದಾರರೊಬ್ಬರು ಬ್ರಿಟಿಷರ ಕಾಲದಲ್ಲಿ ಅಂಕೋಲೆಯ ಹತ್ತಿರ ಆ ತೋಟ ಮಾಡಿಸಿದ್ದರು. ಅವರಿಗೆ ಉಬ್ಬಸ; ಡಾಕ್ಟರು ಸಮುದ್ರದ ಹವೆ ಬೇಕು ಅಂದಿದ್ದರು. ಮಾವು, ಗೇರು, ತೆಂಗು, ನಡುವೆ ಎರಡಂತಸ್ತಿನ ದೊಡ್ಡ ಬಂಗಲೆ, ಬರುವ ಅತಿಥಿಗಳಿಗೆಂದು ಬೇರೆ ಬೇರೆ ನಾಲ್ಕು ಸಣ್ಣ ಬಂಗಲೆಗಳು. ಸಂಸ್ಥಾನಗಳೇ ಹೋದವು, ಇನ್ನು ಇನಾಮೂ ಉಳಿಯಲಿಕ್ಕಿಲ್ಲ ಅಂತ ಹೆದರಿ ಅವರು ಸಿಕ್ಕ ಬೆಲೆಗೆ ಮಾರಲು ನಿಂತಾಗ ಮಾವನವರು ಕೊಂಡುಬಿಟ್ಟರು. ದೊಡ್ಡ ಬಂಗಲೆಯ ಮಾಡು ಆಗಲೇ ಒಂದು ಕಡೆ ಕುಸಿದಿತ್ತು. ಅದರ ಸಾಗವಾನಿ ತೊಲೆಗಳನ್ನು ಬಿಚ್ಚಿ ಮಾರಿ, ಸಣ್ಣವು ನಾಲ್ಕನ್ನು ಇಟ್ಟುಕೊಂಡರು. ಬೇಸಗೆಯಲ್ಲಿ, ದಸರೆ-ದೀಪಾವಳಿಯಲ್ಲಿ ನಮ್ಮ ಕಡೆಯ ಅನುಕೂಲಸ್ಥರಿಗೆ ಅವನ್ನು ಬಾಡಿಗೆ ಕೊಡುವುದು ಅಂತ ವಿಚಾರ. ಗದಗಿನ ಪೇಟೆಯಲ್ಲಿ ಎಲ್ಲರೂ ನಕ್ಕರಂತೆ, ರೊಕ್ಕ ಕೊಟ್ಟು ಉಸುಕಿನಾಗ ಮಲಗಾಕ ಯಾರ ಹೋಗತಾರ ಅಂತ.

ನೋಡಿಕೊಳ್ಳಲು ಯಾರನ್ನಾದರೂ ಇಡಬೇಕಿತ್ತು. ಮಾವನವರು ಒಂದು ಸಂಜೆ ಅಕ್ಕನನ್ನು ಪಡಸಾಲೆಗೆ ಕರೆದು ಹೇಳಿದರಂತೆ: "ಅಲ್ಲಿ ನೀನ ಮಾಲಕಿ ಇದ್ದಂಗ ಇರು. ಇಲ್ಲಿ ದಿನಾ ಒಬ್ಬರ ಕಣ್ಣಿಗೆ ಬೀಳೂದರ ತಪ್ಪತೈತಿ." ಈ ಮಾತನ್ನು ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. ಮೊದಲ ವಾಕ್ಯವನ್ನು ಮಾವನವರ ದನಿಯಲ್ಲೇ ಹೇಳುತ್ತಿದ್ದಳು. ಎರಡನೆಯದನ್ನು ತನ್ನ ದನಿಯಲ್ಲಿ.

ನಾನು ಆಕೆಯನ್ನು ಮೊದಲು ಕಂಡದ್ದು ನನ್ನ ಮದುವೆಯ ಮೊದಲ ಬೇಸಗೆಯಲ್ಲಿ. ಗದಗಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು. ಅರಬೈಲು ಘಟ್ಟ ಇಳಿಯುವಾಗ ಬಸ್ಸಿನೊಳಗಿನ ಅರ್ಧ ಜನ ವಾಂತಿ ಮಾಡಿಕೊಂಡರು. ಕೊನೆಯ ಎರಡು ಮೈಲು ಎತ್ತಿನ ಗಾಡಿ. ಉಗ್ರಾಣದಲ್ಲಿ ಕೂತಿದ್ದ ಹೆಣ್ಣುಮಗಳೆಂದು ಕೇಳಿದ್ದೆನಲ್ಲ, ಕುಗ್ಗಿದ, ಮುಖಕ್ಕೆ ಸೆರಗು ಎಳೆದುಕೊಂಡ ಒಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಗೇಟಿನೊಳಗೆ ಹೋದರೆ ಸೀರೆಯನ್ನು ಮೇಲೆ ಕಟ್ಟಿ, ಟೊಂಕಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು, ಮಾಡಿನ ಮೇಲೆ ಹಂಚು ಹೊದಿಸುವವನಿಗೆ ಕೆಳಗಿನಿಂದ ಬೈಯುತ್ತ ನಿಂತ ಹೆಂಗಸೇ ಅಕ್ಕ. ಬಿಸಿಲಿಗೆ ಮುಖ ಕಪ್ಪಾಗಿತ್ತು. ನನ್ನ ಗದ್ದ ಹಿಡಿದು ನೋಡಿದಳು. ನನಗೇನು ಅನ್ನಬೇಕೋ ತಿಳಿಯದೆ ಸಮುದ್ರದ ಕಡೆ ನೋಡಿ, ಎರಿ ಮಣ್ಣಿನ ಹೊಲದಾಗ ನೀರು ನಿಂತಂಗ ಐತ್ರಿ ಅಕ್ಕಾ ಅಂದೆ. ಆಕೆ ನಗಲು ಹತ್ತಿದಳು. ಆ ಮನೆಯ ಹೆಣ್ಣುಮಕ್ಕಳು ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಮುಂದೆ ಏಳು ಬೇಸಗೆ ಹೋದೆ. ನಾಲ್ಕೂ ಬಂಗಲೆಗಳು ಒಂದೇ ನಮೂನೆಯವು: ಚಿರೆಕಲ್ಲಿನ ಗೋಡೆ, ಮುಂದೆ ಪಡಸಾಲೆ, ಎರಡು ಕೋಣೆ, ಹಿಂದೆ ನೀರೊಲೆ. ಬಾಗಿಲಿನ ಕಬ್ಬಿಣ ಉಪ್ಪಿನ ಗಾಳಿಗೆ ವರ್ಷಕ್ಕೊಮ್ಮೆ ಪುಡಿಯಾಗುತ್ತಿತ್ತು. ಅಕ್ಕ ಅವುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಸುತ್ತಿದ್ದಳು. ಮೊದಲ ವರ್ಷ ಬಂದವರು ಜೋಳದ ರೊಟ್ಟಿ ಸಿಗಲಿಲ್ಲವೆಂದು ಮೂರೇ ದಿನಕ್ಕೆ ಗಂಟು ಕಟ್ಟಿದರಂತೆ. ಮರುವರ್ಷದಿಂದ ಆಕೆ ಗದಗಿನಿಂದ ಬರುವ ಲಾರಿಯಲ್ಲಿ ಜೋಳ ತರಿಸಿದಳು. ತೇವಕ್ಕೆ ನುಸಿ ಬೀಳಬಾರದೆಂದು ಬೇವಿನ ಸೊಪ್ಪು ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಡಿಸಿದಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ತಾನೇ ಕುಟ್ಟಿಸುತ್ತಿದ್ದಳು. ಪಕ್ಕದ ಊರಿನ ಇಬ್ಬರು ಹೆಂಗಸರಿಗೆ ರೊಟ್ಟಿ ಬಡಿಯಲು ಕಲಿಸಿದ್ದಳು. ಅಕ್ಕಿಯ ಸೀಮೆಯ ಆ ಹೆಂಗಸರ ಕೈಯಲ್ಲಿ ರೊಟ್ಟಿ ದುಂಡಗಾಗಲು ಎರಡು ವರ್ಷ ಹಿಡಿಯಿತು. ಇನಾಮದಾರರ ಕಾಲದಿಂದ ಇದ್ದ ಮುದುಕ ಮಾಲಿಯೊಬ್ಬ ಮೊದಮೊದಲು ಆಕೆಯ ಮಾತು ಕೇಳುತ್ತಿರಲಿಲ್ಲ. ಹಳೆಯ ಧಣಿಗಳು ಹಾಗೆ ಮಾಡುತ್ತಿರಲಿಲ್ಲ, ಹೀಗೆ ಮಾಡುತ್ತಿದ್ದರು ಅನ್ನುತ್ತಿದ್ದ. ಮೂರನೆಯ ವರ್ಷಕ್ಕೆ ಆಕೆಯನ್ನೇ ಧಣಿ ಅಂದ. ಹೆಣ್ಣಿಗೆ ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲವೋ, ಬೇಡವಾಯಿತೋ.

ಬರುವವರು ನಮ್ಮ ಕಡೆಯ ಮಂದಿಯೇ. ಬೆಟಗೇರಿಯ ನೂಲಿನ ವ್ಯಾಪಾರಿಗಳು, ಲಕ್ಷ್ಮೇಶ್ವರದ ಧಾನ್ಯದ ಅಂಗಡಿಯವರು, ಧಾರವಾಡದ ವಕೀಲರು, ಎದೆಯ ಬೇನೆಯವರು, ಹೊಸದಾಗಿ ಮದುವೆಯಾದವರು. ಊರಲ್ಲಿ ಬೆಳಿಗ್ಗೆ ವಿಧವೆಯ ಮುಖ ನೋಡಲು ಅಂಜುವವರೇ ಇಲ್ಲಿ ಬೆಳಿಗ್ಗೆ ಎದ್ದ ಕೂಡಲೇ, ಬಾಯಾರ, ಚಹಾ ಆತೇನ್ರಿ ಅಂತ ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಸೂಟಿ ಮುಗಿದು ಹೊರಡುವ ದಿನ ಮಾತ್ರ ಗಾಡಿ ಗೇಟು ದಾಟುವವರೆಗೆ ಆಕೆ ಒಳಗಿರಬೇಕೆಂದು ಸೂಚನೆ ಕೊಡುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳಿದವರೂ ಇದ್ದರು. ಅಕ್ಕ ಒಳಗೇ ಇರುತ್ತಿದ್ದಳು. ಗಾಡಿ ಹೋದ ಮೇಲೆ ಹೊರಗೆ ಬಂದು, ಆತು, ಹೋದರು ಅಂತ ಕೈ ಒರೆಸಿಕೊಂಡು ಹಾಸಿಗೆ ಬಿಸಿಲಿಗೆ ಹಾಕುವ ಕೆಲಸಕ್ಕೆ ಹತ್ತುತ್ತಿದ್ದಳು.

ಪ್ರತಿ ವರ್ಷ ಬರುತ್ತಿದ್ದ ಹೈಸ್ಕೂಲು ಮಾಸ್ತರರೊಬ್ಬರಿದ್ದರು. ಏಕೀಕರಣದ ಚಳವಳಿಯವರು. ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಅಂತ ಹಂಚಿಹೋದ ಕನ್ನಡದವರೆಲ್ಲ ಒಂದೇ ಮನೆಯ ಮಕ್ಕಳು, ಒಂದೇ ಸೂರಿನ ಕೆಳಗೆ ಬರಬೇಕು ಅಂತ ಪಡಸಾಲೆಯಲ್ಲಿ ಕೂತು ಉಳಿದ ಅತಿಥಿಗಳಿಗೆ ಭಾಷಣ ಮಾಡುತ್ತಿದ್ದರು. ಮಾತು ಚೆನ್ನಾಗಿರುತ್ತಿತ್ತು. ಒಮ್ಮೆ ನಾನೂ ಅಕ್ಕನೂ ಬಾಗಿಲ ಹಿಂದೆ ನಿಂತು ಕೇಳಿ ಕಣ್ಣೀರು ಹಾಕಿದ್ದೆವು. ಚಹಾ ಕೊಡಲು ಹೋದಾಗ ಅವರು ಆಕೆಯ ಕೈಯಿಂದ ಬಟ್ಟಲು ತೆಗೆದುಕೊಳ್ಳದೆ, ಅಲ್ಲಿ ಇಡ್ರಿ ಅಂತ ಕಟ್ಟೆ ತೋರಿಸಿದರು.

ಒಂದು ಮಾತು ಬರೆಯದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ನಾನು ಆ ಹೆಣ್ಣುಮಗಳ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಏಳು ವರ್ಷದಲ್ಲಿ ನನಗೆ ನಾಲ್ಕು ಬಾಣಂತನ, ಒಂದು ಕೂಸು ಉಳಿಯಲಿಲ್ಲ. ಗದಗಿನ ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ ಆರಿದ ಅನ್ನ ನನ್ನದು. ಅಕ್ಕ ಒಲೆಯ ಮುಂದೆ ಕೂತು ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಮೊದಲು ತಾನೇ ತಿನ್ನುತ್ತಿದ್ದಳು, ಆಮೇಲೆ ಮಂದಿಗೆ ಬಡಿಸುತ್ತಿದ್ದಳು. ಆಕೆಗೆ ಸಮುದ್ರದ ಕಡೆ ಕಿಟಕಿಯಿದ್ದ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಅದರ ಮೇಲೆ ಆಕೆ ಒಬ್ಬಳೇ. ಯಾರೂ ಎಬ್ಬಿಸುವವರಿಲ್ಲ. ಇಂಥದ್ದು ಸಿಗಬೇಕಾದರೆ ಗಂಡ ಸಾಯಬೇಕೇನು ಅಂತ ಒಂದು ಮಧ್ಯಾಹ್ನ ನನ್ನ ತಲೆಯಲ್ಲಿ ಬಂತು. ಬಂದದ್ದಕ್ಕೆ ಹೆದರಿ ವಿಭೂತಿ ಹಚ್ಚಿಕೊಂಡೆ.

ಅಕ್ಕ ಓದಿದ್ದು ಎರಡನೆಯ ಇಯತ್ತೆ. ಅಚ್ಚಿನ ಅಕ್ಷರ ಬೆರಳಿಟ್ಟು ಓದುತ್ತಿದ್ದಳು, ಕೈಬರಹ ಆಗುತ್ತಿರಲಿಲ್ಲ. ಬರುವವರು ಬರೆದ ಕಾರ್ಡುಗಳನ್ನು ಉಳಿದ ದಿನಗಳಲ್ಲಿ ಅಂಚೆಯವನು ಓದಿ ಹೇಳುತ್ತಿದ್ದ. ನಾನಿದ್ದಾಗ ನಾನೇ. ಅಂಚೆಯವ ತಿಂದು ತಿಂದು ಓದತಾನ, ನೀ ಓದಿದರ ಖರೆ ಅನಸತೈತಿ ಅನ್ನುತ್ತಿದ್ದಳು.

ನಾಲ್ಕನೆಯ ವರ್ಷ ಮಾವನವರು ತೀರಿಕೊಂಡರು. ವ್ಯವಹಾರ ನಮ್ಮ ಮನೆಯವರ ಕೈಗೆ ಬಂತು. ಅವರು ಕೆಟ್ಟವರೆಂದು ಯಾರೂ ಅನ್ನಲಿಲ್ಲ, ನಾನೂ ಅನ್ನಲಾರೆ. ಯಾರಿಗೂ ಕೈ ಎತ್ತಿದವರಲ್ಲ, ಕುಡಿದವರಲ್ಲ. ಅಕ್ಕನನ್ನು ವೈನಿ, ವೈನಿ ಅಂತ ಬಾಯಿತುಂಬ ಕರೆಯುತ್ತಿದ್ದರು. ವರ್ಷಕ್ಕೊಂದು ಇಳಕಲ್ ಸೀರೆ, ಬಿಳಿಯದು, ಮರೆಯದೆ ಕಳಿಸುತ್ತಿದ್ದರು.

ಏಕೀಕರಣದ ವರ್ಷ ಬಂತು. ನವೆಂಬರಿನಲ್ಲಿ ನಾವು ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರುತ್ತೇವೆಂದು ಪೇಟೆಯಲ್ಲೆಲ್ಲ ಅದೇ ಮಾತು. ಆ ಸಡಗರದ ನಡುವೆ ನಮ್ಮ ಮನೆಗೆ ವಕೀಲರೊಬ್ಬರು ಎರಡು ಮೂರು ಸಲ ಬಂದುಹೋದರು. ಕೊನೆಯ ಸಲ ಅವರು ಹೋದ ಮೇಲೆ ನಮ್ಮ ಮನೆಯವರು ದೇವರ ಕೋಣೆಗೆ ನನ್ನನ್ನು ಕರೆದರು. ದಿಲ್ಲಿಯಲ್ಲಿ ಹೊಸ ಕಾಯ್ದೆ ಆಗಿದೆಯೆಂದು ಹೇಳಿದರು. ಗಂಡ ಸತ್ತ ಹೆಣ್ಣುಮಗಳಿಗೆ ಗಂಡನ ಪಾಲು ಪೂರ್ತಿ ಸ್ವಂತವಾಗುತ್ತದಂತೆ. ಉಣ್ಣುವ ಹಕ್ಕಷ್ಟೇ ಅಲ್ಲ, ಮಾರುವ, ಯಾರಿಗಾದರೂ ಕೊಡುವ ಹಕ್ಕು ಕೂಡ.

"ಇದ್ದವರು ಇಬ್ಬರ ಅಣ್ಣತಮ್ಮರು. ಅರ್ಧಾ ಅಕಿದ ಆಗತೈತಿ," ಅಂದರು. "ಅಂಗಡಿ, ಈ ಮನಿ, ತ್ವಾಟ, ಎಲ್ಲಾದರಾಗೂ. ನಾಳೆ ಅಕಿ ಮುಂಡರಗಿ ಅಣ್ಣನ ಮಕ್ಕಳಿಗೆ ಬರದ ಕೊಟ್ಟರ ನಮ್ಮ ಹುಡುಗರು ಎಲ್ಲಿ ಹೋಗಬೇಕ?"

ಆಮೇಲೆ ತಗ್ಗಿದ ದನಿಯಲ್ಲಿ, ಒಂದು ಸಹಿ ಬೇಕು, ನಾನು ಹೋದರೆ ಸಂಶಯ ಬರುತ್ತದೆ, ನಿನ್ನ ಮಾತು ಕೇಳುತ್ತಾಳೆ ಅಂದರು. ರಾಜ್ಯ ಬದಲಾಗುತ್ತದೆ, ದಾಖಲೆಗಳನ್ನೆಲ್ಲ ಹೊಸದಾಗಿ ಮಾಡಿಸಬೇಕಂತೆ ಅಂತ ಹೇಳಬೇಕು. ಆಗದು ಅಂತ ನಾನು ಅನ್ನಲಿಲ್ಲ. ಹಿರಿಯ ಮಗನನ್ನು ಧಾರವಾಡದ ಶಾಲೆಗೆ ಹಾಕುವ ಮಾತು ನಡೆದಿತ್ತು, ಅದನ್ನು ನೆನೆದೆ. ಅದೊಂದೇ ಕಾರಣ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಕಿಟಕಿ, ಆ ಮಂಚ, ಬೆಣ್ಣೆಯ ರೊಟ್ಟಿ ಕೂಡ ನೆನಪಿಗೆ ಬಂದಿದ್ದವು.

ನವರಾತ್ರಿ ಮುಗಿದ ವಾರ ಅಂಗಡಿಯ ಗುಮಾಸ್ತರ ಜೊತೆ ಹೊರಟೆ. ಬಸ್ಸಿನಲ್ಲಿ ಅವರು ನಿದ್ದೆ ಹೋದಾಗ ಚೀಲದಿಂದ ಕಾಗದ ತೆಗೆದು ಓದಿದೆ. ಬರವಣಿಗೆ ಚೆಂದವಿತ್ತು. ನನ್ನ ಗಂಡನ ಪಾಲಿನಿಂದ ನನಗೆ ಬರತಕ್ಕ ಸ್ಥಿರ-ಚರ ಆಸ್ತಿಯ ಸರ್ವ ಹಕ್ಕನ್ನೂ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಮೈದುನರಿಗೆ ಬಿಟ್ಟುಕೊಟ್ಟಿದ್ದೇನೆ. ಇನ್ನು ಮುಂದೆ ಈ ಬಗ್ಗೆ ನನ್ನದಾಗಲಿ ನನ್ನ ವಾರಸುದಾರರದಾಗಲಿ ಯಾವ ತಕರಾರೂ ಇರುವುದಿಲ್ಲ. ಯಲ್ಲಾಪುರದಲ್ಲಿ ಬಸ್ಸು ನಿಂತಾಗ ಇಳಿದು ವಾಪಸು ಹೋಗಬಹುದಿತ್ತು. ಎಳನೀರು ಕುಡಿದು ಮತ್ತೆ ಹತ್ತಿದೆ.

ಆಗ ಬಂಗಲೆಗಳಲ್ಲಿ ಯಾರೂ ಇರಲಿಲ್ಲ. ಮಳೆ ಆಗಷ್ಟೇ ಬಿಟ್ಟಿತ್ತು, ಗೋಡೆಗಳು ಪಾಚಿಗಟ್ಟಿದ್ದವು. ದೀಪಾವಳಿಗೆ ಬರುವವರಿಗಾಗಿ ಅಕ್ಕ ಸುಣ್ಣ ಹೊಡೆಸುತ್ತಿದ್ದಳು. ಬೇಸಗೆ ಬಿಟ್ಟು ಬೇರೆ ಹೊತ್ತಿನಲ್ಲಿ ನಾನು ಬಂದದ್ದಕ್ಕೆ ಆಕೆಗೆ ಬಹಳ ಸಂತೋಷವಾಯಿತು. ಮೂರನೆಯ ಬಂಗಲೆಗೆ ಹೊಸ ಬಾವಿ ತೋಡಿಸಬೇಕು, ಐದನೆಯದೊಂದು ಕಟ್ಟಿಸಿದರೂ ತುಂಬುತ್ತದೆ, ಮೈದುನನಿಗೆ ನೀನೇ ಹೇಳು ಅಂತ ಒಂದೇ ಸಮನೆ ಮಾತಾಡಿದಳು. ಊಟವಾದ ಮೇಲೆ ಕಾಗದ ತೆಗೆದೆ. ಹೇಳಿಕೊಟ್ಟ ಮಾತು ಹೇಳಿದೆ. ಆಕೆ ಸುಣ್ಣದ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು.

"ಓದ ತಂಗಿ," ಅಂದಳು.

ಓದಿದೆ. ಊರು, ತಾಲೂಕು, ಗಂಡನ ಹೆಸರು, ವಯಸ್ಸು ಎಲ್ಲವನ್ನೂ ಇದ್ದಂತೆ ಓದಿದೆ. ಆ ಎರಡು ಸಾಲು ಬಂದಾಗ ಬಿಟ್ಟೆ. ಬಿಟ್ಟ ಜಾಗ ಖಾಲಿ ಕಾಣಬಾರದೆಂದು, ರಾಜ್ಯ ಬದಲಾಗುವ ಕಾರಣ ದಾಖಲೆ ಹೊಸದಾಗಿ ಬರೆಸಲಾಗಿದೆ ಅಂತ ನನ್ನ ಕಡೆಯಿಂದ ಒಂದು ಸಾಲು ಸೇರಿಸಿದೆ. ನನ್ನ ದನಿ ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತು.

ಮರುದಿನ ಅಂಕೋಲೆಯ ನೋಂದಣಿ ಕಚೇರಿಯಲ್ಲಿ ಅಧಿಕಾರಿ ಕತ್ತೆತ್ತದೆ, ಇದರಲ್ಲಿ ಏನಿದೆ ಅಂತ ಗೊತ್ತುಂಟೋ ಅಂತ ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿ ಹೇಳಿದಳು: "ನಮ್ಮ ತಂಗಿ ಎಲ್ಲಾ ಓದಿ ಹೇಳ್ಯಾಳ್ರಿ."

ದೊಡ್ಡ ದೊಡ್ಡ ಅಕ್ಷರಗಳಲ್ಲಿ, ನಾಲಿಗೆ ಹೊರಗೆ ಚಾಚಿಕೊಂಡು, ತನ್ನ ಹೆಸರು ಬರೆದಳು. ಗುಮಾಸ್ತರು ಕಾಗದ ಒಣಗಿಸಿ ಮಡಿಚಿಟ್ಟುಕೊಂಡರು. ಬರುವಾಗ ಅಕ್ಕ ಪೇಟೆಯಲ್ಲಿ ನನ್ನ ಮಗಳಿಗೆ ಚಿಪ್ಪಿನ ಸರ ಕೊಂಡಳು.

ಹಬ್ಬಕ್ಕೆ ಗದಗಿಗೆ ಬಂದುಹೋಗಲಿ ಅಂತ ಆಕೆಗೆ ನಮ್ಮ ಮನೆಯವರು ಕಾಗದ ಬರೆದರು. ಎಂಟು ವರ್ಷದಲ್ಲಿ ಆ ಮನೆಯಿಂದ ಹಾಗೆ ಕರೆ ಬಂದದ್ದು ಅದೇ ಮೊದಲು. ಬರುವ ಅತಿಥಿಗಳನ್ನು ಕಾಯಿಸಲಾಗದು ಅಂತ ಆಕೆ ಹಿಂದೆಮುಂದೆ ನೋಡಿದಳಂತೆ. ಮಾಲಿ ನೋಡಿಕೊಳ್ಳುತ್ತಾನೆ ಅಂತ ಗುಮಾಸ್ತರು ಒಪ್ಪಿಸಿ ಕರೆತಂದರು. ಒಂದು ಟ್ರಂಕು, ಒಂದು ಬುಟ್ಟಿ ತೆಂಗಿನಕಾಯಿ. ಬೀಗದಕೈ ಗೊಂಚಲನ್ನು ನಮ್ಮ ಮನೆಯವರು ಬಾಗಿಲಲ್ಲೇ ಇಸಿದುಕೊಂಡರು, ಜೋಪಾನವಾಗಿ ಇಡುತ್ತೇನೆ ಅಂತ. ಆಕೆ ಕೊಟ್ಟಳು.

ರಾಜ್ಯ ಒಂದಾದ ದಿನ ಗದಗಿನಲ್ಲಿ ಮೆರವಣಿಗೆ ನಡೆಯಿತು. ಶಾಲೆಯ ಮಕ್ಕಳು, ಡೊಳ್ಳು, ತೋರಣ. ನಮ್ಮ ಅಂಗಡಿಯ ಮುಂದೆಯೂ ಬಾಳೆಕಂಬ ಕಟ್ಟಿಸಿದ್ದರು. ಪಡಸಾಲೆಯಲ್ಲಿ ಸೂರಿನ ಮಾತಾಡುತ್ತಿದ್ದ ಆ ಮಾಸ್ತರರು ಮುಂದಿನ ಸಾಲಿನಲ್ಲಿ ಕೊರಳಲ್ಲಿ ಹಾರ ಹಾಕಿಕೊಂಡು ಹೋಗುತ್ತಿದ್ದರು. ಅಕ್ಕ ಮಾಳಿಗೆಯಿಂದ ಅವರನ್ನು ನನಗೆ ತೋರಿಸಿ ಖುಷಿಪಟ್ಟಳು. ಮನೆಯಲ್ಲಿ ಹೋಳಿಗೆ ಮಾಡಿದ್ದೆವು. ಮಧ್ಯಾಹ್ನ ಉಂಡು ಎಲೆಅಡಿಕೆ ಹಾಕಿಕೊಳ್ಳುತ್ತ ನಮ್ಮ ಮನೆಯವರು ಹೇಳಿದರು, ವೈನಿ, ಆ ತೋಟ ಕೊಟ್ಟುಬಿಟ್ಟೆವು, ಹುಬ್ಬಳ್ಳಿಯ ಒಬ್ಬರು ಕಟ್ಟಿಗೆ ಅಡ್ಡೆ ಮಾಡುತ್ತಾರಂತೆ, ಇನ್ನು ನೀವು ಇಲ್ಲೇ ಆರಾಮಾಗಿ ಇರ್ರಿ.

ಅಕ್ಕ ಮೊದಲು ಕೇಳಿದ್ದು ದೀಪಾವಳಿಗೆ ಬರುವವರ ಬಗ್ಗೆ. ಎರಡು ಮನೆಯವರಿಗೆ ಹೂಂ ಅಂದಿದ್ದೇನಲ್ಲ, ಅವರು ಬಂದು ನಿಂತರೆ ಏನು ಮಾಡುತ್ತಾರೆ ಅಂದಳು. ಅವರಿಗೆ ಕಾರ್ಡು ಹಾಕಿದ್ದೇವೆ ಅಂದರು. ಆಮೇಲೆ, ನನ್ನ ಕೇಳಲಿಲ್ಲವಲ್ಲ ಅಂದಳು. ನಮ್ಮ ಮನೆಯವರು, ನೀವು ಸಹಿ ಮಾಡಿ ಕೊಟ್ಟೀರಲ್ಲ ವೈನಿ ಅಂದರು, ಬಹಳ ಮೆತ್ತಗೆ. ಅತ್ತೆಯವರು ಹೋಳಿಗೆಯ ಬುಟ್ಟಿ ಮುಚ್ಚಲು ಎದ್ದುಹೋದರು.

ಅಕ್ಕ ಕೂಗಲಿಲ್ಲ. ಸಂಜೆ ನಾನು ಹಿತ್ತಲಲ್ಲಿ ನೀರು ಸೇದುತ್ತಿದ್ದಾಗ ಬಂದು ಬಾವಿಯ ಕಟ್ಟೆಯ ಮೇಲೆ ಕೂತಳು.

"ಓದೂಮುಂದ ಎಲ್ಲಿ ಬಿಟ್ಟಿ?" ಅಂತ ಕೇಳಿದಳು.

ನಾನು ಹಗ್ಗ ಹಿಡಿದುಕೊಂಡೇ ನಿಂತೆ. ಗಂಡನ ಹೆಸರಾದ ಮೇಲೆ, ಅಂದೆ.

"ಏನಿತ್ತು ಅಲ್ಲಿ? ಈಗರ ಓದು."

ಕಾಗದ ನನ್ನ ಹತ್ತಿರ ಇರಲಿಲ್ಲ. ಆದರೆ ಆ ಎರಡು ಸಾಲು ಬಾಯಿಪಾಠವಾಗಿದ್ದವು. ಹೇಳಿದೆ. ಸ್ವಸಂತೋಷದಿಂದ ಅನ್ನುವಲ್ಲಿ ಆಕೆ ತಲೆ ಎತ್ತಿ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹೇಳಿಸಿದಳು, ನಿಧಾನವಾಗಿ. ಆಮೇಲೆ ಎದ್ದು ಒಳಗೆ ಹೋದಳು. ನಾನು ಕಾಲು ಹಿಡಿಯಲಿಲ್ಲ. ಕೊಡ ತುಂಬಿತ್ತು, ಎತ್ತಿಕೊಂಡು ಹಿಂದಿನಿಂದ ಹೋದೆ.

ಒಂದು ತಿಂಗಳು ಇದ್ದಳು. ಬೆಳಿಗ್ಗೆ ನಮ್ಮ ಮನೆಯವರು ಹೊರಡುವ ಹೊತ್ತಿಗೆ ಯಾರೂ ಹೇಳದೆಯೇ ಉಗ್ರಾಣದೊಳಗೆ ಹೋಗಿ ಕೂರುತ್ತಿದ್ದಳು. ನನ್ನ ಜೊತೆ ಉಪ್ಪು, ಬೇಳೆ, ಕೂಸಿನ ಕೆಮ್ಮು, ಇಷ್ಟರ ಮಾತು. ಆಮೇಲೆ ಮುಂಡರಗಿಗೆ ಹೋದಳು. ಅಣ್ಣ ಮೊದಲ ವಾರ ಚೆನ್ನಾಗಿ ನೋಡಿಕೊಂಡನಂತೆ. ಪಾಲು ಬಿಟ್ಟುಕೊಟ್ಟು ಬಂದಿದ್ದಾಳೆ ಅಂತ ತಿಳಿದ ಮೇಲೆ ಅತ್ತಿಗೆಯ ಮಾತು ಬದಲಾಯಿತು. ಕೋರ್ಟಿಗೆ ಹೋಗೋಣ ಅಂತ ಅಣ್ಣ ಕುಣಿದಾಡಿದ. ಓದಿ ಹೇಳಿದವಳು ತಂಗಿಯೇ, ಸಾಕ್ಷಿಗೆ ಯಾರನ್ನು ಕರೆಯಲಿ ಅಂತ ಆಕೆ ಬೇಡವೆಂದಳು. ಇದು ನನಗೆ ಆ ಊರಿನ ಸಂತೆಗೆ ಹೋಗಿಬರುತ್ತಿದ್ದ ಬಳೆಗಾರ್ತಿಯಿಂದ ತಿಳಿದದ್ದು.

ಕೊನೆಗೆ ಹುಲಕೋಟಿಯ ಆಚೆ ಒಂದು ಹಳ್ಳಿಯಲ್ಲಿ ಶಾಲೆಯ ಬೋರ್ಡಿಂಗಿಗೆ ಅಡಿಗೆಯವಳಾಗಿ ಸೇರಿದಳು. ಹತ್ತಿ ಪೇಟೆಯ ದೊಡ್ಡ ಮನೆಯ ಸೊಸೆ ಮಂದಿಯ ಮಕ್ಕಳಿಗೆ ರೊಟ್ಟಿ ಬಡಿಯುತ್ತಾಳೆಂದು ನಮ್ಮ ಮನೆಯವರಿಗೆ ಅಪಮಾನವಾಯಿತು. ಎರಡು ಸಲ ಗುಮಾಸ್ತರನ್ನು ಕಳಿಸಿ ಕರೆಸಿದರು. ಬರಲಿಲ್ಲ. ಮೂರನೆಯ ಸಲ ನನ್ನನ್ನು ಹೋಗು ಅಂದರು. ಮತ್ತೆ ನನ್ನನ್ನೇ.

ಹೋದೆ. ತಗಡಿನ ಅಡಿಗೆಮನೆ. ಆರೇಳು ಒಲೆ. ಹೊಗೆಯಲ್ಲಿ ಆಕೆ ದೊಡ್ಡ ಹಂಚಿನ ಮುಂದೆ ಕೂತಿದ್ದಳು, ಮೂರೇ ವರ್ಷದಲ್ಲಿ ಅರ್ಧ ಕೂದಲು ಬೆಳ್ಳಗಾಗಿತ್ತು. ಕುಂಡ್ರ ಅಂತ ಮಣೆ ಸರಿಸಿದಳು. ಮಕ್ಕಳ ಓದು ಕೇಳಿದಳು. ಮಗ ಧಾರವಾಡದಲ್ಲಿದ್ದಾನೆ ಅಂದೆ. ಚಲೋ ಆತು ಅಂದಳು, ಕೊಂಕಿರಲಿಲ್ಲ ಆ ಮಾತಿನಲ್ಲಿ. ಬಿಸಿ ರೊಟ್ಟಿ, ಮುಳಗಾಯಿ ಪಲ್ಯ ಹಾಕಿಕೊಟ್ಟಳು. ನಾನು ತಿನ್ನುತ್ತಲೇ, ಅಕ್ಕಾ, ನಾ ಅವತ್ತ ಅಂತ ಶುರುಮಾಡಿದೆ.

"ಗದಗಿನ ಬಸ್ಸು ಮೂರಕ್ಕ ಐತಿ," ಅಂದಳು. "ಅದ ತಪ್ಪಿದರ ಆರೂವರಿಗೆ ಇಲ್ಲ."

ಕೈ ತೊಳೆದುಕೊಂಡೆ. ಮನೆಗೆ ಬರ್ರಿ ಅನ್ನಲು ಕಳಿಸಿದ್ದರು, ಅದನ್ನೂ ಹೇಳಲಿಲ್ಲ. ಬಸ್ಸು ನಿಲ್ಲುವ ಮರದವರೆಗೆ ಆಕೆ ಕಳಿಸಲು ಬರಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು. ಮನೆಗೆ ಬಂದು, ಒಲ್ಲೆ ಅಂದಳು ಅಂತ ಹೇಳಿದೆ. ಅದೂ ಸುಳ್ಳೇ, ನಾನು ಕೇಳಿರಲೇ ಇಲ್ಲ.

ಆಮೇಲೆ ಹದಿನಾಲ್ಕು ವರ್ಷ ಆಕೆ ಅಲ್ಲೇ ಇದ್ದಳು. ನಾನಿರುವುದು ಹತ್ತು ಹನ್ನೆರಡು ಮೈಲು ದೂರದಲ್ಲಿ. ಎರಡನೆಯ ಸಲ ಹೋಗಲಿಲ್ಲ. ಹೋಗಲಿಕ್ಕೆ ಹೊತ್ತು ಸಿಗಲಿಲ್ಲವೆಂದು ಕೇಳಿದವರಿಗೆ ಹೇಳುತ್ತಿದ್ದೆ. ಒಂದು ದಿನ ಬೋರ್ಡಿಂಗು ನೋಡಿಕೊಳ್ಳುತ್ತಿದ್ದ ಬಾಯಿಯವರಿಂದ ಕಾರ್ಡು ಬಂತು. ನಾಲ್ಕು ದಿನದ ಹಿಂದೆ ಎದೆನೋವಿನಿಂದ ತೀರಿಕೊಂಡರು, ಅವರೇ ಮೊದಲು ಹೇಳಿಟ್ಟಂತೆ ಊರವರು ಸೇರಿ ಮಣ್ಣು ಮಾಡಿದ್ದಾರೆ, ಮನೆಯವರಿಗೆ ನಂತರ ತಿಳಿಸಬೇಕೆಂದು ಅವರ ಅಪೇಕ್ಷೆಯಿತ್ತು ಅಂತ ಬರೆದಿದ್ದರು. ಕಾರ್ಡನ್ನು ನಾನು ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ, ಒಂದು ಅಕ್ಷರವನ್ನೂ ಬಿಡದೆ.

"ಮೊದಲ ತಿಳಸಬೇಕಿತ್ತು ಅವರು. ಮಂದಿ ನಮಗ ಏನ ಅಂದಾರು," ಅಂದರು. ಆಮೇಲೆ, ಎರಡು ವಾರದಲ್ಲಿದ್ದ ಮಗಳ ನಿಶ್ಚಯವನ್ನು ಮುಂದೆ ಹಾಕಬೇಕೋ ಬೇಡವೋ ಅಂತ ಸ್ವಾಮಿಗಳನ್ನು ಕೇಳಿಬರಲು ಚಪ್ಪಲಿ ಮೆಟ್ಟಿಕೊಂಡರು. ಬೇಕಿಲ್ಲ ಅಂದರಂತೆ. ಮೊದಲೇ ಗೊತ್ತು ಮಾಡಿದ್ದ ದಿನವೇ ನಿಶ್ಚಯ ನಡೆಯಿತು. 'ಬೀಗರ ಮುಂದೆ ಅಳುಮುಖ ಮಾಡಬ್ಯಾಡ' ಅಂತ ಅವರು ಬೆಳಿಗ್ಗೆ ನನಗೆ ಎಚ್ಚರಿಕೆ ಕೊಟ್ಟಿದ್ದರು. ಕೊಡುವ ಅಗತ್ಯವಿರಲಿಲ್ಲ. ಇಳಕಲ್ ಸೀರೆ ಉಟ್ಟುಕೊಂಡು ಎಲ್ಲರಿಗೂ ನಾನೇ ಬಡಿಸಿದೆ.